'ಪಿ' ಬಿಟ್ಟು ಕದಲದ ಕಾರು

ಹೋದ ಜನವರಿಯ ಮಾತು. ಗುರುವಾರ ಬೆಳಿಗ್ಗೆ ಏಳೂವರೆ, ಹೊರಗೆ ಮೈನಸ್ 23 ಡಿಗ್ರಿ ಸೆಲ್ಸಿಯಸ್. (ಊರಲ್ಲಿ ಅಮ್ಮನಿಗೆ ಈ ಸಂಖ್ಯೆ ಹೇಳಿದ್ರೆ "ಫ್ರಿಜ್ಜಿನ ಒಳಗೂ ಅಷ್ಟು ಇರಲ್ಲ, ಸುಮ್ನೆ ಹೇಳ್ಬೇಡ" ಅಂತಾಳೆ.) ಒಂದೂವರೆ ವರ್ಷದ ಮಗಳಿಗೆ ಸ್ವೆಟರ್, ಟೋಪಿ, ಕೈಚೀಲ ಎಲ್ಲಾ ಹಾಕಿ, ಹಿಂದಿನ ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂರಿಸಿ, ಗ್ಯಾರೇಜಿನ ಬಾಗಿಲು ತೆಗೆದು ಕಾರು ಸ್ಟಾರ್ಟ್ ಮಾಡಿದೆ. ಅಷ್ಟು ಚಳಿಯಲ್ಲೂ ಪಾಪ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಬ್ರೇಕ್ ಒತ್ತಿ, ಗೇರನ್ನು 'ಪಿ'ಯಿಂದ ರಿವರ್ಸಿಗೆ ಎಳೆದೆ.

ಬರಲಿಲ್ಲ.

ಇನ್ನೊಮ್ಮೆ ಎಳೆದೆ. ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಇಂಜಿನ್ ಆಫ್ ಮಾಡಿ ಆನ್ ಮಾಡಿದೆ. ಸಾಫ್ಟ್‌ವೇರ್ ಇಂಜಿನಿಯರ್ ಅಲ್ವಾ ಸ್ವಾಮಿ, ನಮಗೆ ಮೊದಲು ಹೊಳೆಯೋ ಔಷಧಿ ಅದೇ. ಊಹೂಂ. ಮಗಳು ಹಿಂದಿನಿಂದ ಅವಳ ಭಾಷೆಯಲ್ಲಿ ಏನೋ ಬಯ್ಯುತ್ತಿದ್ದಳು. ಎಂಟೂವರೆಗೆ ನನಗೆ ಮೀಟಿಂಗು, ಎಂಟಕ್ಕೆ ಅವಳಿಗೆ ಡೇ ಕೇರ್.

ಮೊಬೈಲ್ ತೆಗೆದು ಹುಡುಕಿದರೆ ಎರಡೇ ನಿಮಿಷದಲ್ಲಿ ಪರಿಹಾರ ಸಿಕ್ತು. ಗೇರ್ ಲಿವರಿನ ಪಕ್ಕದಲ್ಲೇ ಉಗುರಿನಷ್ಟು ಅಗಲದ ಒಂದು ಪ್ಲಾಸ್ಟಿಕ್ ಮುಚ್ಚಳ ಇರುತ್ತೆ. ಅದನ್ನು ಎಬ್ಬಿಸಿದರೆ ಒಂದು ಕಿಂಡಿ. ಕಿಂಡಿಯೊಳಗೆ ಕೀಯನ್ನೋ ಸ್ಕ್ರೂಡ್ರೈವರನ್ನೋ ತೂರಿಸಿ ಕೆಳಗೆ ಒತ್ತಿ ಹಿಡಿದರೆ ಲಿವರ್ ಬಿಟ್ಟುಕೊಳ್ಳುತ್ತೆ. ಹಾಗೇ ಮಾಡಿದೆ, ಬಿಟ್ಟುಕೊಳ್ತು. "ನೋಡ್ದಾ ಪುಟ್ಟಿ, ಅಪ್ಪ ಹ್ಯಾಗೆ ಸರಿ ಮಾಡಿದ!" ಅಂತ ಹಿಂದೆ ತಿರುಗಿ ಜಂಬ ಕೊಚ್ಚಿಕೊಂಡೆ. ಎಂಟಕ್ಕೆ ಐದು ನಿಮಿಷ ಇರುವಾಗ ಡೇ ಕೇರ್ ಬಾಗಿಲಲ್ಲಿದ್ವಿ.

ಆವತ್ತಿನಿಂದ ಸ್ಕ್ರೂಡ್ರೈವರ್ ಕಾರಿನಲ್ಲೇ ಉಳೀತು, ಕಾಫಿ ಲೋಟ ಇಡೋ ಜಾಗದಲ್ಲಿ. ಗುರುವಾರ, ಶುಕ್ರವಾರ, ಶನಿವಾರ, ಭಾನುವಾರ. ನಾಲ್ಕು ದಿನ. ಶನಿವಾರ ನನ್ನಾಕೆ ಪಕ್ಕದಲ್ಲಿ ಕೂತು ನೋಡಿದವಳು, "ಏನೋ ಇದು, ಕಾರಿಗೂ ಸೂಜಿ ಚುಚ್ತಾ ಇದ್ದೀಯಾ?" ಅಂದಳು. "ಸೆನ್ಸರ್ ಏನೋ ಚಳಿಗೆ ಹಿಡ್ಕೊಂಡಿದೆ, ಬಿಸಿಲು ಬಂದ್ರೆ ಸರಿಹೋಗುತ್ತೆ" ಅಂದೆ. ಎಷ್ಟು ಧೈರ್ಯವಾಗಿ ಹೇಳಿದೆ ಅಂತೀರಾ! ಗೊತ್ತಿಲ್ಲದ ವಿಷಯವನ್ನು ಗೊತ್ತಿರೋ ಹಾಗೆ ಹೇಳೋದಕ್ಕೇ ನನಗೆ ಸಂಬಳ ಕೊಡೋದು ಅಂತ ಅವಳು ಆಗಾಗ ಹೇಳ್ತಿರ್ತಾಳೆ.

*

ನಮ್ಮಪ್ಪನ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅಪ್ಪ ತೀರ್ಥಹಳ್ಳಿಯಲ್ಲಿ ಲೈನ್‌ಮನ್ ಆಗಿದ್ದವರು. ಕೆಲಸಕ್ಕೆ ಸೇರಿದಾಗ ಕೆಇಬಿ, ರಿಟೈರ್ ಆಗುವಾಗ ಮೆಸ್ಕಾಂ. ಆದರೆ ಊರಿನವರಿಗೆ ಇವತ್ತಿಗೂ ಅದು ಕೆಇಬಿನೇ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ರಾತ್ರಿ ಒಂದು ಗಂಟೆಗೂ ರೇನ್‌ಕೋಟ್ ಹಾಕಿಕೊಂಡು ಹೋಗ್ತಿದ್ರು. ನಾನು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ತಗೊಂಡಾಗ "ನಿಂಗೆ ಕಂಬ ಹತ್ತೋ ಕಷ್ಟ ಇಲ್ಲ ಬಿಡು" ಅಂತ ಖುಷಿಪಟ್ಟಿದ್ದರು. ನಾಲ್ಕು ವರ್ಷ ಓದಿ, ಕಿರ್ಚಾಫ್ ನಿಯಮವನ್ನು ಪರೀಕ್ಷೆಯಲ್ಲಿ ಆರು ಸಲ ಬರೆದು ಪಾಸಾದ ಮಗ, ಸ್ವಂತ ಕಾರಿನ ಫ್ಯೂಸ್ ಬಾಕ್ಸ್ ಎಲ್ಲಿದೆ ಅಂತ ನೋಡಿದವನಲ್ಲ. ಅದು ಅವರಿಗೆ ಗೊತ್ತಿರಲಿಲ್ಲ, ಆ ಭಾನುವಾರದವರೆಗೆ.

ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಮನೆಗೆ ಫೋನ್ ಮಾಡ್ತೀನಿ. ಅಲ್ಲಿ ಸೋಮವಾರ ಬೆಳಿಗ್ಗೆ ಏಳೂವರೆ, ಅಪ್ಪನ ಎರಡನೇ ಲೋಟ ಕಾಫಿಯ ಹೊತ್ತು. ಮಳೆ, ಅಡಿಕೆ ರೇಟು, ಮೊಮ್ಮಗಳ ಹಲ್ಲು ಎಲ್ಲಾ ಆದಮೇಲೆ ನಗೆಚಾಟಿಕೆಗೆ ಅಂತ ಸ್ಕ್ರೂಡ್ರೈವರ್ ಕಥೆ ಹೇಳಿದೆ.

ಅಪ್ಪ ನಗಲಿಲ್ಲ. "ಬ್ರೇಕ್ ಒತ್ತಿದ್ರೆ ತಾನೇ ಆ ಬೀಗ ಬಿಡೋದು?"

"ಹೂಂ."

"ಹಾಗಾದ್ರೆ ನೀನು ಬ್ರೇಕ್ ಒತ್ತಿದ್ದು ಅದಕ್ಕೆ ಗೊತ್ತಾಗ್ತಾ ಇಲ್ಲ. ಹಿಂದಿನ ಕೆಂಪು ಲೈಟ್ ಹತ್ತುತ್ತಾ ನೋಡಿದ್ಯಾ?"

ನೋಡಿರಲಿಲ್ಲ. ನೋಡೋದು ಹೇಗೆ? ಬ್ರೇಕ್ ಒತ್ತುವವನು ಮುಂದೆ ಕೂತಿರ್ತಾನೆ, ಲೈಟ್ ಇರೋದು ಹಿಂದೆ. ಫೋನ್ ಹಾಗೇ ಹಿಡಿದುಕೊಂಡು ಗ್ಯಾರೇಜಿಗೆ ಇಳಿದೆ. ನನ್ನಾಕೆ ಮಗಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಕಾರಿನ ಹಿಂದೆ ನಿಂತಳು. ಬ್ರೇಕ್ ಒತ್ತಿದೆ.

"ಹತ್ತಿತಾ?"

"ಇಲ್ಲ."

"ಈಗ?"

"ಇಲ್ಲ ಕಣೋ. ಮೂರೂ ಹತ್ತಿಲ್ಲ."

ಎದೆ ಧಸಕ್ ಅಂತು. ನಾಲ್ಕು ದಿನ. ದಿನಾ ಮಗಳನ್ನು ಹಿಂದೆ ಕೂರಿಸಿಕೊಂಡು, ಐಸ್ ಕಟ್ಟಿದ ರಸ್ತೆಯಲ್ಲಿ, ಹೈವೇಯಲ್ಲಿ ಗಂಟೆಗೆ 60 ಮೈಲಿ ವೇಗದಲ್ಲಿ ಓಡಾಡಿದ್ದೀನಿ. ನಾನು ನಿಲ್ಲಿಸ್ತಾ ಇದ್ದೀನಿ ಅಂತ ಹಿಂದಿನವನಿಗೆ ಹೇಳೋ ಒಂದು ದೀಪವೂ ಇಲ್ಲದೆ. ಆಗ ನೆನಪಾಯ್ತು, ಶನಿವಾರ ಸಿಗ್ನಲ್ಲಿನಲ್ಲಿ ನಿಂತಾಗ ಹಿಂದೆ ಬಂದ ಪಿಕಪ್ ಟ್ರಕ್ಕು ಜಾರುತ್ತಾ ಜಾರುತ್ತಾ ಬಂದು, ಪಕ್ಕದ ಸ್ನೋ ಗುಡ್ಡೆಗೆ ಮೂತಿ ತೂರಿಸಿ ನಿಂತಿತ್ತು. ಅವನು ಹೆಡ್‌ಲೈಟ್ ಮಿಟುಕಿಸಿ ಕೈಯಾಡಿಸಿದ್ದ. ನಾನು ಕನ್ನಡಿಯಲ್ಲಿ ನೋಡಿ "ಡ್ರೈವಿಂಗ್ ಬರಲ್ಲ, ದೊಡ್ಡ ಗಾಡಿ ಬೇರೆ ಕೇಡು" ಅಂತ ಬಯ್ದುಕೊಂಡಿದ್ದೆ. ಪಾಪ, ಆ ಮನುಷ್ಯ ಸ್ನೋ ಗುಡ್ಡೆಗೆ ನುಗ್ಗಿಸಿದ್ದರಿಂದ ನನ್ನ ಮಗಳು ಉಳಿದಳು ಅಂತ ಈಗ ಅನ್ನಿಸುತ್ತೆ.

ಫೋನಿನಲ್ಲಿ ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಎಲ್‌ಸಿ ತಗೊಳ್ದೆ ಕಂಬ ಹತ್ತಿದ ಹಾಗಾಯ್ತಲ್ಲ ಮಾರಾಯ" ಅಂದರು.

ಎಲ್‌ಸಿ ಅಂದ್ರೆ ಲೈನ್ ಕ್ಲಿಯರ್. ಲೈನ್‌ಮನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ "ಆ ಲೈನ್ ಆಫ್ ಮಾಡಿದ್ದೀವಿ, ನೀನು ವಾಪಸ್ ಹೇಳುವ ತನಕ ಆನ್ ಮಾಡಲ್ಲ" ಅಂತ ತಗೊಳ್ಳುವ ಒಪ್ಪಿಗೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಅಪ್ಪ ಮಧ್ಯಾಹ್ನವೇ ಮನೆಗೆ ಬಂದು, ಊಟ ಮಾಡದೆ ಜಗಲಿಯಲ್ಲಿ ಕೂತಿದ್ದರು. ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು "ಎರಡೇ ನಿಮಿಷದ ಕೆಲಸ" ಅಂತ ಎಲ್‌ಸಿ ಇಲ್ಲದೆ ಹತ್ತಿದ್ದರಂತೆ. ಆಮೇಲೆ ಅಪ್ಪ ಆ ವಿಷಯ ಮನೆಯಲ್ಲಿ ಎತ್ತಿದ್ದು ನನಗೆ ನೆನಪಿಲ್ಲ. ಹದಿನೇಳು ವರ್ಷದ ಮೇಲೆ, ನನ್ನ ಸ್ಕ್ರೂಡ್ರೈವರ್ ಕಥೆ ಕೇಳಿ ಎತ್ತಿದರು.

*

ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ಈ ಬೀಗದ ಬಗ್ಗೆ ಓದಿದೆ. ನಿಮಗೂ ಸ್ವಲ್ಪ ಹೇಳ್ತೀನಿ, ಆಟೋಮ್ಯಾಟಿಕ್ ಕಾರು ಇರುವವರಿಗೆಲ್ಲಾ ಉಪಯೋಗಕ್ಕೆ ಬರುತ್ತೆ.

ಲಿವರನ್ನು 'ಪಿ'ಗೆ ಹಾಕಿದಾಗ ಗೇರ್‌ಬಾಕ್ಸಿನ ಒಳಗೆ ಒಂದು ಕಬ್ಬಿಣದ ನಾಲಿಗೆ ಹಲ್ಲಿನ ಚಕ್ರದ ಸಂದಿಗೆ ಹೋಗಿ ಕೂರುತ್ತೆ, ಗಾಡಿ ಮುಂದಕ್ಕೂ ಹೋಗಲ್ಲ ಹಿಂದಕ್ಕೂ ಹೋಗಲ್ಲ. ಇದು ಪೂರ್ತಿ ಕಬ್ಬಿಣದ ಕೆಲಸ, ಕರೆಂಟಿಗೂ ಇದಕ್ಕೂ ಸಂಬಂಧ ಇಲ್ಲ. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಬರೀ 'ಪಿ'ಗೆ ಹಾಕಿ ನಿಲ್ಲಿಸಿದರೆ ಗಾಡಿಯ ಭಾರವೆಲ್ಲಾ ಆ ನಾಲಿಗೆಯ ಮೇಲೆ ಬಿದ್ದು, ಲಿವರ್ ಎಳೆಯುವಾಗ ಗಟ್ಟಿಯಾಗಿ "ಟಣ್" ಅನ್ನುತ್ತಲ್ಲ, ಅದು ಬೇರೆ ಕಾಯಿಲೆ. ಅದಕ್ಕೆ ಔಷಧಿ ಮೊದಲು ಹ್ಯಾಂಡ್‌ಬ್ರೇಕ್, ಆಮೇಲೆ 'ಪಿ'.

ನನ್ನದು ಎರಡನೇ ಬೀಗ. ಇದು ಲಿವರಿನ ಬುಡದಲ್ಲಿರುತ್ತೆ, ಹೆಸರು ಶಿಫ್ಟ್ ಲಾಕ್. ತಾಮ್ರದ ತಂತಿ ಸುತ್ತಿದ ಒಂದು ಸುರುಳಿ, ಅದರೊಳಗೆ ಒಂದು ಕಬ್ಬಿಣದ ಕಡ್ಡಿ, ಅಂದರೆ ಸೊಲೆನಾಯ್ಡ್. ಸುರುಳಿಗೆ ಕರೆಂಟ್ ಬಂದರೆ ಅದು ಅಯಸ್ಕಾಂತ ಆಗಿ ಕಡ್ಡಿಯನ್ನು ಎಳೆದುಕೊಳ್ಳುತ್ತೆ, ಚಿಲಕ ತೆಗೆದ ಹಾಗೆ. ಕರೆಂಟ್ ಯಾವಾಗ ಬರುತ್ತೆ? ಕೀ ಆನ್ ಇರಬೇಕು, ಲಿವರ್ 'ಪಿ'ಯಲ್ಲಿ ಇರಬೇಕು, ಬ್ರೇಕ್ ಒತ್ತಿರಬೇಕು. ಬ್ರೇಕ್ ಒತ್ತಿದ್ದು ಗೊತ್ತಾಗೋದು ಪೆಡಲ್ಲಿನ ಮೇಲ್ಗಡೆ ಇರುವ ಒಂದು ಸಣ್ಣ ಸ್ವಿಚ್ಚಿನಿಂದ. ನಮ್ಮ ಕಾರಿನಲ್ಲಿ, ಇನ್ನೂ ಎಷ್ಟೋ ಕಾರುಗಳಲ್ಲಿ, ಬ್ರೇಕ್ ಲೈಟ್ ಹತ್ತಿಸೋದೂ ಅದೇ ಸ್ವಿಚ್ಚು. ಅಪ್ಪ ಕಾರನ್ನು ನೋಡದೇ ಹಿಡಿದಿದ್ದು ಈ ಸಂಬಂಧವನ್ನೇ.

ಈ ಬೀಗ ಬಂದಿದ್ದಕ್ಕೂ ಒಂದು ಕಥೆ ಇದೆ. 1980ರ ದಶಕದಲ್ಲಿ ಅಮೆರಿಕಾದಲ್ಲಿ ಆಡಿ 5000 ಅನ್ನೋ ಕಾರು ತಾನಾಗಿಯೇ ನುಗ್ಗುತ್ತೆ ಅಂತ ದೊಡ್ಡ ಗಲಾಟೆ ಆಗಿತ್ತು. 1986ರ ನವೆಂಬರಿನಲ್ಲಿ ಸಿಬಿಎಸ್ ಚಾನೆಲ್ಲಿನ '60 ಮಿನಿಟ್ಸ್'ನಲ್ಲಿ ಬಂದಮೇಲಂತೂ ಆ ಕಾರು ಕೊಳ್ಳುವವರೇ ಕಡಿಮೆಯಾದರು. 1989ರಲ್ಲಿ ಇಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ವರದಿ ಕೊಟ್ಟಿತು. ಇಂತಹ ಅಪಘಾತಗಳಲ್ಲಿ ಹೆಚ್ಚಿನವು ಬ್ರೇಕ್ ಅಂದುಕೊಂಡು ಆಕ್ಸಿಲರೇಟರ್ ಒತ್ತಿದ್ದರಿಂದ ಆದದ್ದು ಅಂತ. ಹಾಗಾದರೆ ಪರಿಹಾರ ಏನು? ಬ್ರೇಕಿನ ಮೇಲೆ ಕಾಲಿಲ್ಲದೆ ಗೇರ್ 'ಪಿ' ಬಿಟ್ಟು ಬರಲೇಬಾರದು. ಆಡಿಗೆ ಆ ಬೀಗ ಬಂತು, ನಿಧಾನಕ್ಕೆ ಉಳಿದವರೂ ಹಾಕಿದರು. ಇನ್ನೊಂದು ಭಯವೂ ಇತ್ತು, ಮಕ್ಕಳದು. ಕಾರಿನಲ್ಲಿ ಆಟ ಆಡುತ್ತಾ ಮಗು ಲಿವರ್ ಎಳೆದು ಗಾಡಿ ಉರುಳಿಹೋಗುವುದು. ಕೊನೆಗೆ ಕಾನೂನೇ ಆಯ್ತು, 2010ರ ಸೆಪ್ಟೆಂಬರ್ 1ರಿಂದ ಈಚೆಗೆ ಅಮೆರಿಕಾದ ಮಾರುಕಟ್ಟೆಗೆ ತಯಾರಾದ, 'ಪಿ' ಇರುವ ಆಟೋಮ್ಯಾಟಿಕ್ ಕಾರುಗಳಿಗೆಲ್ಲಾ ಈ ಬೀಗ ಕಡ್ಡಾಯ.

ಅಂದರೆ ನಾನು ನಾಲ್ಕು ದಿನ ಸ್ಕ್ರೂಡ್ರೈವರ್ ಚುಚ್ಚಿ ಮೀರಿದ್ದು, ಮಕ್ಕಳನ್ನೂ ನೆನೆದು ಮಾಡಿದ ಬೀಗವನ್ನು. ಹಿಂದೆ ಮಗು ಕೂರಿಸಿಕೊಂಡು.

*

ಸೋಮವಾರ ಮಗಳನ್ನು ಡೇ ಕೇರಿಗೆ ಕಳಿಸಲಿಲ್ಲ, ಮನೆಯಿಂದಲೇ ಕೆಲಸ. ಮಧ್ಯಾಹ್ನ ಬಾನೆಟ್ ಎತ್ತಿ ಫ್ಯೂಸ್ ಬಾಕ್ಸ್ ಹುಡುಕಿದೆ. ಮುಚ್ಚಳದ ಒಳಗಡೆ ನಕ್ಷೆ ಅಂಟಿಸಿರ್ತಾರೆ, ಅದರಲ್ಲಿ "ಸ್ಟಾಪ್, ಹಾರ್ನ್, 20 ಆಂಪಿಯರ್" ಅಂತ ಒಂದೇ ಫ್ಯೂಸಿಗೆ ಎರಡು ಹೆಸರು. ತಕ್ಷಣ ಸ್ಟೀರಿಂಗ್ ಹತ್ತಿರ ಹೋಗಿ ಹಾರ್ನ್ ಒತ್ತಿದೆ. ಸದ್ದಿಲ್ಲ! ಶುಕ್ರವಾರ ಅಂಗಡಿ ಪಾರ್ಕಿಂಗಿನಲ್ಲಿ ಒಬ್ಬರು ರಿವರ್ಸ್ ಬರ್ತಿದ್ದಾಗ ಹಾರ್ನ್ ಒತ್ತಿ, ಸದ್ದು ಬರದಿದ್ದಕ್ಕೆ "ಕೈಚೀಲ ದಪ್ಪ ಇದೆ, ಸರಿಯಾಗಿ ಒತ್ತಿಲ್ಲ" ಅಂದುಕೊಂಡಿದ್ದೆ. ರಿಮೋಟಿನಲ್ಲಿ ಕಾರು ಲಾಕ್ ಮಾಡಿದಾಗ ಬರುವ "ಪೀಂ" ಕೂಡಾ ಗುರುವಾರದಿಂದ ಇರಲಿಲ್ಲ, ಕಿವಿಗೆ ಬಿದ್ದಿರಲಿಲ್ಲ ಅಂತ ಕಿವಿಗೇ ಗೊತ್ತಾಗಿರಲಿಲ್ಲ. ಬೆಂಗಳೂರಿನಲ್ಲಾಗಿದ್ದರೆ ಹಾರ್ನ್ ಕೆಟ್ಟಿದ್ದು ಮೊದಲ ತಿರುವಿನಲ್ಲೇ ಗೊತ್ತಾಗ್ತಿತ್ತು. ಇಲ್ಲಿ ಹಾರ್ನ್ ಹೊಡೆಯೋದು ಬಯ್ದ ಹಾಗೆ, ತಿಂಗಳಿಗೊಮ್ಮೆ ಹೊಡೆದರೆ ಹೆಚ್ಚು.

ಮಲ್ಟಿಮೀಟರ್ ತಗೊಂಡೆ. ಕಾರಿನ ಫ್ಯೂಸಿನ ನೆತ್ತಿಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆ ಇರುತ್ತೆ, ಕೀಳದೇ ಅಲ್ಲೇ ಅಳೆಯಬಹುದು. ಕಪ್ಪು ತಂತಿ ಬ್ಯಾಟರಿಯ ಮೈನಸ್ಸಿಗೆ, ಕೆಂಪು ತಂತಿ ಒಂದು ಚುಕ್ಕೆಗೆ: 12.4 ವೋಲ್ಟ್. ಇನ್ನೊಂದು ಚುಕ್ಕೆಗೆ: ಸೊನ್ನೆ. ಫ್ಯೂಸ್ ಹೋಗಿದೆ. ಅದರ ಜಾಗಕ್ಕೆ ಹೊಸ 20 ಆಂಪಿಯರಿನದ್ದು ಹಾಕಿದೆ. ಬ್ರೇಕ್ ಒತ್ತಿದ ಕೂಡಲೇ ಲಿವರಿನ ಬುಡದಲ್ಲಿ "ಟಿಕ್" ಅಂತು. ಆ ಟಿಕ್ ಕೇಳಿ ಎಷ್ಟು ಸಂತೋಷ ಆಯ್ತು ಅಂದ್ರೆ ಅಪ್ಪನಿಗೆ ಅಲ್ಲಿ ರಾತ್ರಿ ಎರಡು ಗಂಟೆ ಅನ್ನೋದೂ ಮರೆತು ಫೋನ್ ಮಾಡಿಬಿಟ್ಟೆ.

ನಿದ್ದೆಗಣ್ಣಲ್ಲೇ ಅಪ್ಪ ಕೇಳಿದ್ದು ಒಂದೇ ಮಾತು. "ಫ್ಯೂಸ್ ಯಾಕೆ ಹೋಯ್ತು?"

"ಹಳೇದಾಗಿತ್ತು ಅನ್ಸುತ್ತೆ."

"ಫ್ಯೂಸ್ ಮುದುಕಾಗಿ ಸಾಯಲ್ಲ ಮಗಾ. ಯಾರೋ ಕೊಂದಿರ್ತಾರೆ. ಯಾರು ಅಂತ ನೋಡು." ಫೋನ್ ಇಟ್ಟರು.

ನೋಡಲಿಲ್ಲ. ಎಲ್ಲಾ ಕೆಲಸ ಮಾಡ್ತಿದೆಯಲ್ಲ ಅಂತ ಸುಮ್ಮನಾದೆ. ಮಂಗಳವಾರ ಸಂಜೆ ಇಂಡಿಯನ್ ಅಂಗಡಿಗೆ ಹೋಗಿ ಸೋನಾ ಮಸೂರಿ ಮೂಟೆ ತಂದು ಡಿಕ್ಕಿಗೆ ಹಾಕಿ ಮನೆಗೆ ಬಂದೆ. ಬುಧವಾರ ಬೆಳಿಗ್ಗೆ ಮತ್ತೆ ಅದೇ ಕಥೆ, ಲಿವರ್ 'ಪಿ' ಬಿಟ್ಟು ಬರಲಿಲ್ಲ. ಸ್ಕ್ರೂಡ್ರೈವರ್ ಅಲ್ಲೇ ಇತ್ತು, ಈ ಸಲ ಮುಟ್ಟಲಿಲ್ಲ. ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಬ್ರೇಕ್ ಲೈಟ್ ಮತ್ತೆ ಸತ್ತಿತ್ತು, ನನಗೆ ಗೊತ್ತಾಗಿದ್ದು ಮಾತ್ರ ಮಾರನೇ ದಿನ. ಈ ಬೀಗ ಕೂಡಾ ಹೇಳೋದು ಗಾಡಿ ನಿಂತಮೇಲೆ, ಓಡುವಾಗ ಅಲ್ಲ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ವೈರಿಂಗ್ ಕೆಲಸಕ್ಕೆ ಹತ್ತು ದಿನ ಆದಮೇಲೆ ಬನ್ನಿ ಅಂದರು. ಒಂದು ಕ್ಷಣ ನನ್ನ ಬುದ್ಧಿ ಹೋಗಿದ್ದು ಎಲ್ಲಿಗೆ ಗೊತ್ತಾ? ಡಬ್ಬಿಯಲ್ಲಿ 30 ಆಂಪಿಯರಿನ ಫ್ಯೂಸೂ ಇತ್ತು. ಅದನ್ನು ಹಾಕಿದರೆ ಹೋಗಲಿಕ್ಕಿಲ್ಲ ಅಂತ! ಅಷ್ಟರಲ್ಲಿ ಊರಿನ ಹಿಟ್ಟಿನ ಗಿರಣಿ ನೆನಪಾಯ್ತು. ಕಿಟ್‌ಕ್ಯಾಟ್ ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ಗಿರಣಿಯವರು ಅದಕ್ಕೆ ದಪ್ಪ ತಂತಿ ಸುತ್ತಿದ್ದರು. ಫ್ಯೂಸ್ ಹೋಗೋದು ನಿಂತಿತು. ಒಂದು ರಾತ್ರಿ ವೈರಿಂಗೇ ಹೊತ್ತಿಕೊಂಡಿತು. ಅಪ್ಪ ಹೋಗಿ ಕಂಬದಲ್ಲಿ ಸಪ್ಲೈ ಕಿತ್ತು ಬಂದಿದ್ದರು, ಬಟ್ಟೆಯಲ್ಲೆಲ್ಲಾ ಸುಟ್ಟ ರಬ್ಬರಿನ ವಾಸನೆ. ಆ 30 ಆಂಪಿಯರಿನ ಫ್ಯೂಸನ್ನು ತೆಗೆದು ಕಸದ ಡಬ್ಬಿಗೆ ಹಾಕಿದೆ.

ಬುಧವಾರ ರಾತ್ರಿ ಮೀಟರ್ ಹಿಡಿದು ಶಾರ್ಟ್ ಹುಡುಕಲು ಕೂತೆ. ಫ್ಯೂಸ್ ಕಿತ್ತು, ಬ್ಯಾಟರಿ ಮೈನಸ್ ಬಿಚ್ಚಿ, ಬ್ರೇಕ್ ಒತ್ತಿಟ್ಟು, ಫ್ಯೂಸಿನಿಂದ ಲೈಟಿಗೆ ಹೋಗುವ ಕಡೆಯ ತುದಿಗೂ ಬಾಡಿಗೂ ಮಧ್ಯೆ ಅಳೆದರೆ ಮೀಟರ್ "ಕುಂಯ್" ಅಂತ ಕೂಗಿತು. ಸಿಕ್ತು ಶಾರ್ಟು ಅಂತ ಅಪ್ಪನಿಗೆ ಹೇಳಿದೆ.

"ಬಲ್ಬ್ ತೆಗೆದಿದ್ದೀಯಾ?"

"ಇಲ್ಲ."

"ಮತ್ತೆ? ಅದು ಬಲ್ಬಿನ ತಂತಿ ಕೂಗ್ತಿರೋದು."

ನಾಚಿಕೆ ಆಯ್ತು. 21 ವ್ಯಾಟಿನ ಬಲ್ಬ್ 12 ವೋಲ್ಟಿಗೆ ಉರಿಯುವಾಗ ಸುಮಾರು 7 ಓಮ್ ಇರುತ್ತೆ, ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗದ ಆಸುಪಾಸು. ಮೀಟರಿಗೆ ಅದೂ ಒಂದೇ, ಶಾರ್ಟೂ ಒಂದೇ. ಇದನ್ನು ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಕೈಗೆ ಬಂದಿರಲಿಲ್ಲ ಅಷ್ಟೇ.

"ಮೀಟರ್ ಬಿಡು. ಸೀರೀಸ್ ಲ್ಯಾಂಪ್ ಹಾಕು. ಶನಿವಾರ ಮಾಡೋಣ, ನಾನೂ ನೋಡ್ತೀನಿ" ಅಂದರು.

*

ಸೀರೀಸ್ ಲ್ಯಾಂಪ್ ನೋಡಿದೀರಾ? ನಮ್ಮೂರಿನ ಪ್ರತಿ ಎಲೆಕ್ಟ್ರಿಕಲ್ ರಿಪೇರಿ ಅಂಗಡಿಯಲ್ಲೂ ಮರದ ಹಲಗೆಯ ಮೇಲೆ ಒಂದು ಬಲ್ಬ್ ಇರುತ್ತೆ. ಕೆಟ್ಟ ಮಿಕ್ಸಿಯನ್ನು ನೇರ ಪ್ಲಗ್ಗಿಗೆ ಹಾಕಲ್ಲ, ಆ ಬಲ್ಬಿನ ಮೂಲಕ ಹಾಕ್ತಾರೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಹತ್ತುತ್ತೆ ಅಷ್ಟೇ, ಫ್ಯೂಸ್ ಹಾರಲ್ಲ. ಅದನ್ನೇ ಕಾರಿಗೆ ಮಾಡೋದು. ಫ್ಯೂಸ್ ಕಿತ್ತು ಆ ಜಾಗದಲ್ಲಿ ಎರಡು ತಂತಿ ಕಟ್ಟಿದ ಕಾರಿನ ಬಲ್ಬ್. ಹಿಂದಿನ ಎರಡು ಬ್ರೇಕ್ ಬಲ್ಬ್ ಬಿಚ್ಚಿಡಬೇಕು. ಮೂರನೆಯದು, ಡಿಕ್ಕಿಯ ಮುಚ್ಚಳದಲ್ಲಿರೋದು, ಎಲ್‌ಇಡಿ. ಅದು ಎಳೆಯುವ ಚೂರು ಕರೆಂಟಿಗೆ ನಮ್ಮ ಬಲ್ಬ್ ಹತ್ತಲ್ಲ. ಹಾಗಾಗಿ ಬಲ್ಬ್ ಹತ್ತಿತು ಅಂದ್ರೆ ಎಲ್ಲೋ ತಂತಿ ಬಾಡಿಗೆ ತಾಗಿದೆ ಅಂತಲೇ ಅರ್ಥ.

ಶನಿವಾರ ಬೆಳಿಗ್ಗೆ ಒಂಬತ್ತು, ಅಲ್ಲಿ ರಾತ್ರಿ ಎಂಟೂವರೆ. ಇಂಜಿನ್ ಆಫ್. (ಮುಚ್ಚಿದ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಬಾರದು, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತೆ.) ಸ್ನೋ ಒರೆಸುವ ಉದ್ದನೆಯ ಬ್ರಷ್ಷನ್ನು ಸೀಟಿಗೂ ಬ್ರೇಕ್ ಪೆಡಲ್ಲಿಗೂ ಮಧ್ಯೆ ಒತ್ತು ಕೊಟ್ಟು ನಿಲ್ಲಿಸಿದೆ. ವಿಡಿಯೋ ಕಾಲ್ ಹಾಕಿ ಮೊಬೈಲನ್ನು ಬಾನೆಟ್ಟಿನ ಕೆಳಗೆ, ಬಲ್ಬಿನ ಎದುರು ಇಟ್ಟೆ. ನಾನು ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹಿಂದೆ ಹೋದೆ. ಬಲ್ಬನ್ನು ನೋಡುವ ಡ್ಯೂಟಿ ತೀರ್ಥಹಳ್ಳಿಯದು.

ಪೆಡಲ್ಲಿನ ಹತ್ತಿರದ ತಂತಿ ಅಲ್ಲಾಡಿಸಿದೆ. "ಇಲ್ಲ." ಸೀಟಿನ ಪಕ್ಕದ ಕಟ್ಟು. "ಇಲ್ಲ." ಎಡಗಡೆ ಲೈಟಿನ ಸಾಕೆಟ್, ಬಲಗಡೆಯದು. "ಇಲ್ಲ, ಇಲ್ಲ." ಅಪ್ಪನ ಹಿಂದೆ ಅಮ್ಮ "ಊಟಕ್ಕೆ ಬನ್ನಿ, ಆರಿ ಹೋಗುತ್ತೆ" ಅನ್ನೋದು ಕೇಳ್ತಿತ್ತು. ಕೊನೆಗೆ ಡಿಕ್ಕಿ ಮುಚ್ಚಳ ಹಿಡಿದು ನಿಧಾನಕ್ಕೆ ಕೆಳಗಿಳಿಸಿದೆ. ಅರ್ಧಕ್ಕೆ ಬಂದಿರಬೇಕು.

"ಹತ್ತು! ಹತ್ತು! ಅಲ್ಲೇ ನಿಲ್ಸು ಮಾರಾಯ, ಅಲ್ಲಾಡ್ಬೇಡ!"

ಆ ಕೂಗಿಗೆ ಬೆಚ್ಚಿಬಿದ್ದೆ. ಮಳೆಗಾಲದ ರಾತ್ರಿ ಕಂಬದ ಕೆಳಗಿನಿಂದ ಮೇಲಿದ್ದವರಿಗೆ ಕೂಗುತ್ತಿದ್ದ ದನಿ ಅದು. ರಿಟೈರ್ ಆದಮೇಲೆ ಕೇಳಿರಲಿಲ್ಲ.

ಮುಚ್ಚಳದ ಕೀಲಿನ ಹತ್ತಿರ, ಪ್ಲಾಸ್ಟಿಕ್ ಕೊಳವೆಯೊಳಗೆ ಐದಾರು ತಂತಿ ಹಾದುಹೋಗುತ್ತೆ. ಡಿಕ್ಕಿ ತೆಗೆದಾಗ, ಹಾಕಿದಾಗ ಪ್ರತಿ ಸಲ ಅವು ಮಡಚಿಕೊಳ್ಳಬೇಕು. ಹದಿನೈದು ವರ್ಷದ ಕಾರು, ಈ ಚಳಿಗೆ ತಂತಿಯ ಮೇಲಿನ ಪ್ಲಾಸ್ಟಿಕ್ ಕಡ್ಡಿಯ ಹಾಗೆ ಗಡುಸಾಗಿ ಬಿರುಕುಬಿಟ್ಟಿತ್ತು. ಮೂರನೇ ಬ್ರೇಕ್ ಲೈಟಿನ ತಂತಿಯಲ್ಲಿ ಒಂದು ಇಂಚು ತಾಮ್ರ ಹೊರಗೆ. ಮುಚ್ಚಳ ಮುಚ್ಚಿದಾಗ ಅದು ಯಾವ ಮಗ್ಗುಲಿಗೆ ಕೂರುತ್ತೋ ಅದರ ಮೇಲೆ ಶಾರ್ಟ್ ಆಗೋದು, ಬಿಡೋದು. ಅದೂ ಬ್ರೇಕ್ ಒತ್ತಿದಾಗ ಮಾತ್ರ, ಯಾಕಂದ್ರೆ ಸ್ವಿಚ್ಚಿನಿಂದ ಆಚೆಗಿನ ತಂತಿ ಅದು. ಮೊದಲನೇ ಸಲ ಫ್ಯೂಸ್ ಹೋಗುವ ಹಿಂದಿನ ಸಂಜೆಯೂ ನಾನು ಡಿಕ್ಕಿ ತೆಗೆದು ಸಾಮಾನು ಹಾಕಿದ್ದೆ!

ಉಳಿದದ್ದು ಸುಲಭ. ಬ್ಯಾಟರಿ ಬಿಚ್ಚಿ, ಕೆಟ್ಟ ಭಾಗ ಕತ್ತರಿಸಿ, ಸ್ವಲ್ಪ ಉದ್ದದ ಹೊಸ ತಂತಿ ಬೆಸುಗೆ ಹಾಕಿ, ಬಿಸಿ ಮಾಡಿದರೆ ಮುದುಡಿಕೊಳ್ಳುವ ತೋಳು ಹಾಕಿದೆ. ಪಕ್ಕದ ಎರಡು ತಂತಿಗೂ ಅದೇ ಚಿಕಿತ್ಸೆ, ಅವೂ ಇವತ್ತೋ ನಾಳೆಯೋ ಅನ್ನೋ ಸ್ಥಿತಿಯಲ್ಲಿದ್ದವು. ಬಲ್ಬ್ ವಾಪಸ್, 20 ಆಂಪಿಯರಿನ ಫ್ಯೂಸ್ ವಾಪಸ್. ಡಿಕ್ಕಿಯನ್ನು ಇಪ್ಪತ್ತು ಸಲ ತೆಗೆದು ಹಾಕಿ, ಪ್ರತಿ ಸಲ ಬ್ರೇಕ್ ಒತ್ತಿ ನೋಡಿದ್ವಿ. ಅಪ್ಪ ಎಣಿಸಿದರು. ಇಪ್ಪತ್ತೂ ಸಲ ಟಿಕ್ ಅಂತು. "ಸರಿ, ಲೈನ್ ಚಾರ್ಜ್ ಮಾಡು" ಅಂತ ಹೇಳಿ ಊಟಕ್ಕೆ ಹೋದರು.

*

ನಿಮ್ಮ ಕಾರೂ ಒಂದು ದಿನ 'ಪಿ'ಯಲ್ಲೇ ಕೂತುಬಿಟ್ಟರೆ ಮೊದಲು ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಲೈಟ್ ನೋಡಿ. ಒಬ್ಬರೇ ಇದ್ದರೆ ಕತ್ತಲಲ್ಲಿ ಹಿಂದಿನ ಗೋಡೆಯ ಮೇಲೆ ಕೆಂಪು ಬೆಳಕು ಬೀಳುತ್ತಾ ಅಂತ ಕನ್ನಡಿಯಲ್ಲಿ ನೋಡಿ. ಲೈಟ್ ಹತ್ತದಿದ್ದರೆ ಫ್ಯೂಸ್, ಪೆಡಲ್ಲಿನ ಸ್ವಿಚ್ಚು, ಅಲ್ಲಿಂದ ಹಿಂದಕ್ಕೆ ಹೋಗುವ ತಂತಿ. ಲೈಟ್ ಹತ್ತಿಯೂ ಲಿವರ್ ಬರದಿದ್ದರೆ ಕೀ ಆನ್ ಮಾಡಿ, ಬ್ರೇಕ್ ಒತ್ತಿ, ಲಿವರಿನ ಬುಡಕ್ಕೆ ಕಿವಿ ಕೊಡಿ. ಟಿಕ್ ಅನ್ನದಿದ್ದರೆ ಸೊಲೆನಾಯ್ಡೋ, ಲಿವರ್ 'ಪಿ'ಯಲ್ಲಿದೆ ಅಂತ ತಿಳಿಸುವ ಸಣ್ಣ ಸ್ವಿಚ್ಚೋ, ಬ್ಯಾಟರಿ ಸೋತಿದೆಯೋ ನೋಡಬೇಕು. ಟಿಕ್ ಅಂದೂ ಬರದಿದ್ದರೆ ಅದು ಕರೆಂಟಿನದ್ದಲ್ಲ, ಒಳಗೆ ಏನೋ ಸಿಕ್ಕಿಕೊಂಡಿದೆ. ಚೆಲ್ಲಿದ ಕಾಫಿ ಸಕ್ಕರೆ ಪಾಕವಾಗಿ ಅಂಟಿಕೊಳ್ಳೋದೂ ಉಂಟು. ಆ ಕಿಂಡಿ ಇರೋದು ಕೆಟ್ಟ ಗಾಡಿಯನ್ನು ಪಕ್ಕಕ್ಕೆ ಸರಿಸೋದಕ್ಕೆ. ಒತ್ತುವ ಮೊದಲು ಹ್ಯಾಂಡ್‌ಬ್ರೇಕ್ ಹಾಕಿ, ಕಾಲು ಬ್ರೇಕಿನ ಮೇಲಿರಲಿ. ದಿನಾ ಡೇ ಕೇರಿಗೆ ಹೋಗೋದಕ್ಕಲ್ಲ ಅದು.

ಆಫೀಸಿನಲ್ಲಿ ಟೆಸ್ಟ್ ಫೇಲ್ ಆದರೆ ಅದನ್ನೇ ಕಾಮೆಂಟ್ ಮಾಡಿ ಮುಂದೆ ಹೋಗುವವರನ್ನು ನಾನು ಎಷ್ಟು ಸಲ ಬಯ್ದಿದ್ದೀನೋ! ಅದನ್ನೇ ನಾನು ಸ್ಕ್ರೂಡ್ರೈವರಿನಲ್ಲಿ ಮಾಡಿದೆ. ಕಾರು ನಾಲ್ಕು ದಿನ "ನಿನ್ನ ಹಿಂದಿನ ದೀಪ ಸತ್ತಿದೆ, ಹೋಗಬೇಡ" ಅಂತ ಅದಕ್ಕೆ ಬರುವ ಒಂದೇ ಭಾಷೆಯಲ್ಲಿ ಅಡ್ಡ ಹಾಕಿತ್ತು. ನಾನು ಅದರ ಬಾಯಿಗೆ ಸ್ಕ್ರೂಡ್ರೈವರ್ ತುರುಕಿದೆ.

ಈಗ ಪ್ರತಿ ಭಾನುವಾರ ಫೋನ್ ಮಾಡಿದಾಗ ಮೊಮ್ಮಗಳ ಹಲ್ಲಿನ ವಿಷಯಕ್ಕೂ ಮುಂಚೆ ಅಪ್ಪ ಕೇಳೋದು, "ದೀಪ ಹತ್ತುತ್ತಾ?" ಅಂತ. ಹತ್ತುತ್ತೆ ಅಂತೀನಿ, ಫೋನಿಗೆ ಮುಂಚೆ ನೋಡಿಕೊಂಡೇ ಬಂದಿರ್ತೀನಿ. ಕಾರು ಲಾಕ್ ಮಾಡಿದಾಗ "ಪೀಂ" ಅನ್ನುತ್ತಲ್ಲ, ಮಗಳು ಈಗ ಅದನ್ನು ಕಲಿತಿದ್ದಾಳೆ. ನಾನು ಕಾರಿನಿಂದ ಇಳಿಸಿ ಎತ್ತಿಕೊಂಡ ಕೂಡಲೇ ಹಿಂದೆ ತಿರುಗಿ ಕಾರಿಗಿಂತ ಮೊದಲು ಅವಳೇ "ಪೀಂ" ಅಂತಾಳೆ. ಆಮೇಲೆ ಇಬ್ಬರೂ ಕಾರು ಉತ್ತರ ಕೊಡುತ್ತಾ ಅಂತ ಕಾಯ್ತೀವಿ.

ಅಂದ ಹಾಗೆ, ನಿಮ್ಮ ಕಾರಿನ ಬ್ರೇಕ್ ಲೈಟ್ ನೀವು ಕೊನೇ ಸಲ ನೋಡಿದ್ದು ಯಾವಾಗ?